ಶಟರ್ ಸ್ಪೀಡ್ ಏರಿಸಿ ಸ್ವಾಮಿ

ಕೇಳುಗರಿಗೆಲ್ಲ ನಮಸ್ಕಾರ. ದೊಡ್ಡ ಲೆನ್ಸ್ ತಗೊಂಡಿದೀನಿ ಸಾರ್, ಆದ್ರೂ ಹಕ್ಕಿ ಫೋಟೋ ಮಸುಕಾಗೇ ಬರುತ್ತೆ, ಲೆನ್ಸೇ ಸರಿ ಇಲ್ವೇನೋ ಅಂತ ವಾರಕ್ಕೊಬ್ರಾದ್ರೂ ನನ್ನ ಕೇಳ್ತಾರೆ. ಲೆನ್ಸ್ ಸರಿಯಾಗೇ ಇದೆ. ಶಟರ್ ಸ್ಪೀಡ್ ಏರಿಸಿ, ಅಂದ್ರೆ ಫೋಟೋ ತೆಗೆಯುವಾಗ ಕ್ಯಾಮೆರಾ ಕಣ್ಣು ತೆರ್ಕೊಂಡಿರೋ ಹೊತ್ತು ಕಮ್ಮಿ ಮಾಡಿ. ನಾನು ಹೇಳೋಕೆ ಬಂದಿರೋದೇ ಇಷ್ಟು.

600 ಎಂಎಂ ಲೆನ್ಸು ಹಕ್ಕೀನ ದೊಡ್ಡದು ಮಾಡೋ ಹಾಗೇನೇ ನಿಮ್ಮ ಕೈ ನಡುಕಾನೂ ದೊಡ್ಡದು ಮಾಡುತ್ತೆ. ಸುಮ್ನೆ ಕೂತಿರೋ ಕೊಕ್ಕರೆಗೇ ಶಟರ್ ನಂಬರ್ 600ಕ್ಕಿಂತ, ಅಂದ್ರೆ ಸೆಕೆಂಡಿನ ಆರುನೂರರಲ್ಲಿ ಒಂದು ಭಾಗಕ್ಕಿಂತ, ಕೆಳಗೆ ಇಳೀಬಾರ್ದು, ಹಾರೋದಕ್ಕೆ 2000, ಮಿಂಚುಳ್ಳಿ ಥರದ್ದಕ್ಕೆ 3200.

ರಂಗನತಿಟ್ಟಿನ ಕಥೆ ಹೇಳ್ಲೇಬೇಕು. ಮಾರ್ಚ್ ತಿಂಗಳು, ಕಾವೇರೀಲಿ ನೀರು ಇಳಿದು ಬಂಡೆಗಳೆಲ್ಲ ಎದ್ದಿದ್ವು, ಅವುಗಳ ಮೇಲೆ ನದಿ ರೀವ, ಅದೇ ರಿವರ್ ಟರ್ನ್ ಅಂತಾರಲ್ಲ, ಆ ಹಕ್ಕಿಗಳ ಸಂಸಾರ. ಗಂಡು ಹಕ್ಕಿ ಮೀನು ಹಿಡ್ಕೊಂಡು ಬಂದು ಹೆಣ್ಣಿಗೆ ಕೊಡುತ್ತೆ, ಅದು ಇಸ್ಕೊಂಡ್ರೆ ಸಂಬಂಧ ಕುದುರಿದ ಹಾಗೆ. ನಾನು ಆಗಷ್ಟೇ ಬಾಯ್ಬಿಟ್ಕೊಂಡು ಬಿಸ್ಲು ಕಾಯಿಸ್ತಿದ್ದ ಒಂದು ಮೊಸಳೆ ತೆಗ್ದಿದ್ದೆ, 250ರಲ್ಲಿ, ಅದೇನು ಅಲ್ಲಾಡಲ್ವಲ್ಲ. ದೋಣಿ ತಿರುಗ್ತು, ಹತ್ತೇ ಮಾರು ದೂರದಲ್ಲಿ ಮೀನು ಕಚ್ಕೊಂಡು ಗಂಡು ಇಳೀತು, ದೋಣಿಯವ್ರು ಹುಟ್ಟು ಹಾಕೋದು ನಿಲ್ಸಿ ಸುಮ್ನೆ ಕೂತ್ರು, ನಾನು ಒತ್ತಿದ ಬಟನ್ ಬಿಡ್ಲೇ ಇಲ್ಲ. ನೂರಿಪ್ಪತ್ತು ಫೋಟೋ! ಮನೇಗೆ ಬಂದು ಕಂಪ್ಯೂಟರಲ್ಲಿ ನೋಡ್ತೀನಿ, ಬಂಡೆ ಮೇಲಿನ ಹಿಕ್ಕೆ ಕೂಡ ಎಣಿಸ್ಬೋದು, ಹಕ್ಕಿ ಮಾತ್ರ ಬಿಳೀ ಹೊಗೆ. ನಮ್ಮನೆಯವ್ರು ಇಣುಕಿ ನೋಡಿ "ಇದ್ರಲ್ಲಿ ಮೀನು ಯಾವ್ದು, ಹಕ್ಕಿ ಯಾವ್ದು ರೀ" ಅಂದ್ರು. ಲೆನ್ಸ್ ಒಳಗಿನ ಸ್ಟೆಬಿಲೈಜೇಶನ್ ನನ್ನ ಕೈ ನಡುಕ ಸರಿಮಾಡಿತ್ತು, ಹಕ್ಕಿ ರೆಕ್ಕೇನ ಅದು ಹಿಡ್ಕೊಳ್ಳೋಕಾಗುತ್ತಾ? 250ರ ಬದ್ಲು 2000 ಇಟ್ಟಿದ್ರೆ ಸಾಕಿತ್ತು.

ಸ್ಪೀಡ್ ಏರಿಸಿದ್ರೆ ಒಳಗೆ ಬೀಳೋ ಬೆಳಕು ಕಮ್ಮಿ, ಅದಕ್ಕೆ ಐಎಸ್‌ಒ, ಅಂದ್ರೆ ಕ್ಯಾಮೆರಾ ಆ ಬೆಳಕನ್ನ ಎತ್ತಿ ತೋರಿಸೋ ಮಟ್ಟ, ಏರುತ್ತೆ, ಫೋಟೋ ಕಾಳು ಕಾಳಾಗುತ್ತೆ ಅಂತ ಹೆದರ್ತಾರೆ. ಆಗ್ಲಿ ಬಿಡ್ರೀ! ಕಾಳನ್ನ ಆಮೇಲೆ ಸಾಫ್ಟ್‌ವೇರಲ್ಲಿ ತೆಗೀಬೋದು, ಹೊಗೆ ಆಗಿರೋ ಹಕ್ಕೀಗೆ ರೆಕ್ಕೆ ಎಲ್ಲಿಂದ ತರ್ತೀರ? ಐಎಸ್‌ಒ ಆಟೋಗೆ ಹಾಕಿ, ಮರ್ತುಬಿಡಿ.

ಟೈಮ್ ಆಯ್ತು ಅಂತ ಗಾಜಿನಾಚೆಯಿಂದ ಕೈ ತೋರಿಸ್ತಿದಾರೆ. ಬೇಗ ಹೇಳ್ಬಿಡ್ತೀನಿ, ಫೋಕಸ್ ಯಾವಾಗ್ಲೂ ಕಣ್ಣಿಗೆ, ಮಧ್ಯಾಹ್ನ ನೀರಿನ ಮೇಲೆ ಗಾಳಿ ಕುದಿಯೋವಾಗ ಎಷ್ಟು ಲಕ್ಷದ ಲೆನ್ಸ್ ಆದ್ರೂ ದಂಡ, ಇನ್ನು ದಯವಿಟ್ಟು ಗೂಡಿನ ಹತ್ರ ಹೋಗ್ಬೇಡಿ, ತಾಯಿ ಎದ್ದು ಹೋದ್ರೆ ಬಂಡೆ ಮೇಲಿನ ಮೊಟ್ಟೆ ಬಿಸ್ಲಿಗೆ ಬೆಂದುಹೋಗುತ್ತೆ. ದೋಣಿ ಟಿಕೆಟ್ ತಗೊಳ್ಳೋವಾಗ್ಲೇ ಕ್ಯಾಮೆರಾನ 2000ಕ್ಕೆ ಇಟ್ಬಿಡಿ. ಮೊಸಳೇನೂ ಅದ್ರಲ್ಲೇ ತೆಗೀರಿ, ಅದೇನು ಬೇಜಾರ್ ಮಾಡ್ಕೊಳಲ್ಲ. ನಮಸ್ಕಾರ.