ಅದೇ ಹಾಡು ಮತ್ತೆ ಬಂತಲ್ಲ: ‘ಅಪ್’ ಚಿತ್ರದ ಸಂಗೀತದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ನೀವೆಲ್ಲ ಪಿಕ್ಸರ್‌ನವರ ಅನಿಮೇಷನ್ ಚಿತ್ರ ‘ಅಪ್’ ನೋಡಿದ್ದೀರಿ, ಹಾಗಾಗಿ ಕಥೆ ಹೇಳುತ್ತಾ ಕೂರುವುದಿಲ್ಲ. ಚಿತ್ರ ಮುಗಿದು ಹೊರಗೆ ಕಾಫಿಗೆ ನಿಂತಿದ್ದಾಗ ಯಾರೋ ಅಂದರು, “ಮ್ಯೂಸಿಕ್ ಹಾಕಿ ಅಳಿಸಿಬಿಟ್ಟರು ಸಾರ್.” ಪ್ರೀತಿಯಿಂದಲೇ ಅಂದದ್ದು. ಆದರೂ ನಾನು ಅದನ್ನು ಒಪ್ಪಲಾರೆ. ಮೈಕೆಲ್ ಜಿಯಾಕಿನೊ ಅವರ ಸಂಗೀತ ಅಲ್ಲಿ ಯಾರನ್ನೂ ಅಳಿಸಲು ಹೋಗುವುದಿಲ್ಲ. ನೆನಪು ಮಾಡಿಕೊಡುತ್ತದೆ, ಅಷ್ಟೇ.

ಕಾರ್ಲ್ ಮತ್ತು ಎಲಿ ಮದುವೆಯಾದ ಮೇಲಿನ ಆ ನಾಲ್ಕು ಚಿಲ್ಲರೆ ನಿಮಿಷ ನೋಡಿ. ಒಂದೇ ಒಂದು ಮಾತಿಲ್ಲ. ನಿರ್ದೇಶಕ ಪೀಟ್ ಡಾಕ್ಟರ್ ಮೊದಲು ಅಲ್ಲಿ ಮಾತು ಇಟ್ಟುಕೊಂಡಿದ್ದರು, ಆಮೇಲೆ ತೆಗೆದುಹಾಕಿದರು. ಮನೆಯವರೇ ಪುಟ್ಟ ಕ್ಯಾಮೆರಾದಲ್ಲಿ ತೆಗೆದ, ಮಾತಿಲ್ಲದ ಹಳೆಯ ಸೂಪರ್ 8 ರೀಲುಗಳ ಹಾಗೆ ಬಿಟ್ಟರು. ಇದು ಸಣ್ಣ ವಿಷಯ ಅಲ್ಲ. ಕ್ಯಾಮೆರಾ ಇಟ್ಟು ಶೂಟಿಂಗ್ ಮಾಡಿದರೆ ಕಾಗೆ ಕೂಗಿದ್ದು, ದೂರದಲ್ಲಿ ಲಾರಿ ಹೋಗಿದ್ದು ಎಲ್ಲಾ ಬಂದು ಕೂರುತ್ತದೆ. ಅನಿಮೇಷನ್‌ನಲ್ಲಿ ತಾನಾಗಿ ಬರುವ ಸದ್ದು ಒಂದೂ ಇಲ್ಲ. ಬಾಗಿಲು ಕಿರ್ ಎನ್ನಬೇಕಾದರೂ ಯಾರೋ ಕೂತು ಅದನ್ನು ತಂದಿಡಬೇಕು. ಅಂದಮೇಲೆ ಅಲ್ಲಿನ ಮೌನವೂ ಯಾರೋ ಯೋಚಿಸಿ ಇಟ್ಟದ್ದೇ.

ಹಳೆಯ ಕಾರ್ಟೂನುಗಳಲ್ಲಿ ಬೆಕ್ಕು ಮೆಟ್ಟಿಲಿಳಿದರೆ ಒಂದೊಂದು ಮೆಟ್ಟಿಲಿಗೂ ಒಂದೊಂದು ಸ್ವರ. ನಮ್ಮ ಯಕ್ಷಗಾನದಲ್ಲಿ ವೇಷದ ಹೆಜ್ಜೆಗೆ ಚೆಂಡೆಯ ಪೆಟ್ಟು ಕೂಡಿಬರುತ್ತದಲ್ಲ, ಹಾಗೆ. ಅದು ದೊಡ್ಡ ವಿದ್ಯೆ, ಅದರ ಬಗ್ಗೆ ಹಗುರವಾಗಿ ಮಾತಾಡಬಾರದು. ಆದರೆ ಜಿಯಾಕಿನೊ ಇಲ್ಲಿ ಹೆಜ್ಜೆಗಳನ್ನು ಹಿಡಿಯಲು ಹೋಗಲಿಲ್ಲ, ವರ್ಷಗಳನ್ನು ಹಿಡಿದರು.

ಮೂರು ಎಣಿಕೆಯ ವಾಲ್ಟ್ಜ್ ಅದು, ಪಾಶ್ಚಾತ್ಯರ ಜೋಡಿ ಕುಣಿತದ ನಡೆ. ಸಂಗೀತ ಕಲಿತವರು ಮನಸ್ಸಿನಲ್ಲೇ ಹಾಡಿಕೊಳ್ಳಿ: ಸ, ಗ, ಅಲ್ಲಿಂದ ಇಳಿದು ಮಂದ್ರದ ನಿ, ಪ. ಒಮ್ಮೆ ಕೇಳಿದರೆ ಗುನುಗಬಹುದು. ಬೇಕೆಂದೇ ಅಷ್ಟು ಸರಳ ಮಾಡಿದ್ದಾರೆ, ಏಕೆಂದರೆ ಮರೆತುಹೋಗುವ ಮಟ್ಟು ಏನನ್ನೂ ನೆನಪು ಮಾಡಿಕೊಡಲಾರದು. ಮೊದಲು ಬಾಯಿ ಮುಚ್ಚಿದ ಟ್ರಂಪೆಟ್ಟು, ಒಂದಿಷ್ಟು ತುಂಟತನ. ಆಮೇಲೆ ಮಗುವಾಗುವುದಿಲ್ಲ ಅಂತ ತಿಳಿದು ಆಸ್ಪತ್ರೆಯ ಕೋಣೆಯಲ್ಲಿ ಎಲಿ ಮುಖ ಮುಚ್ಚಿಕೊಂಡು ಕೂತಾಗ ನಡೆ ನಿಧಾನವಾಗುತ್ತದೆ. ಮತ್ತೆ ಪ್ರವಾಸಕ್ಕೆಂದು ಇಟ್ಟ ಹುಂಡಿಗೆ ಚಿಲ್ಲರೆ ಬೀಳುತ್ತದೆ, ಟೈರು ಹೋಗುತ್ತದೆ, ಕಾಲು ಮುರಿಯುತ್ತದೆ, ಸೂರಿನ ಮೇಲೆ ಮರ ಬೀಳುತ್ತದೆ, ಹುಂಡಿ ಒಡೆಯುತ್ತದೆ, ಮಟ್ಟು ಮತ್ತೆ ಓಡುತ್ತದೆ. ಎಲಿ ಕಾರ್ಲ್‌ಗೆ ಟೈ ಕಟ್ಟುತ್ತಲೇ ಇರುತ್ತಾಳೆ. ಟೈ ಬದಲಾಗುತ್ತದೆ, ಮಟ್ಟು ಅದೇ. ಕೊನೆಗೆ ಎಲಿ ಹಾಸಿಗೆ ಹಿಡಿದು ತೀರಿಕೊಳ್ಳುವಾಗ ಎಲ್ಲ ವಾದ್ಯಗಳೂ ಹಿಂದೆ ಸರಿದು ಪಿಯಾನೊ ಒಂದೇ ಉಳಿಯುತ್ತದೆ, ಅದೇ ಮಟ್ಟು ನುಡಿಸುತ್ತಾ. ಗಮನಿಸಿ, ದುಃಖಕ್ಕೆ ಅಂತ ಬೇರೆ ಮಟ್ಟು ತರಲಿಲ್ಲ! ಮದುವೆ ಮನೆಯಲ್ಲಿ ಕುಣಿದದ್ದೇ ಸಾವಿನ ಮನೆಗೂ ಬಂತು.

ಇದನ್ನು ನನಗೆ ತೋರಿಸಿಕೊಟ್ಟವರು ಹಾಸನದ ಕಡೆಯ ನಮ್ಮ ದೊಡ್ಡಮ್ಮ. ಆಗಲೇ ಎಂಬತ್ತು ದಾಟಿತ್ತು, ಇಂಗ್ಲಿಷಿನ ಗಂಧವಿಲ್ಲ. ಮಕ್ಕಳು ಟಿವಿಯಲ್ಲಿ ಈ ಚಿತ್ರ ಹಾಕಿಕೊಂಡಿದ್ದರು, ಇವರು ಪಕ್ಕದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಟೈ ಕಟ್ಟುವಾಗ, “ನಿಮ್ಮ ದೊಡ್ಡಪ್ಪಂಗೆ ಪಂಚೆ ಬಿಟ್ರೆ ಇನ್ನೊಂದು ಗೊತ್ತಿರ್ಲಿಲ್ಲ” ಅಂತ ನಕ್ಕರು. ಎಲಿ ಆಸ್ಪತ್ರೆ ಹಾಸಿಗೆಯಲ್ಲಿ ಮಲಗಿದಾಗ ಸುಮ್ಮನಾದರು, ಕೈ ಮಾತ್ರ ಕಾಯಿ ಬಿಡಿಸುತ್ತಲೇ ಇತ್ತು. ಆಮೇಲೆ ಸಾವಿರಾರು ಬಲೂನು ಕಟ್ಟಿ ಮನೆ ಬುಡಸಮೇತ ಮೇಲೇಳುತ್ತದಲ್ಲ, ಮಕ್ಕಳೆಲ್ಲ ಬಲೂನು ನೋಡಿ ಕಿರುಚುತ್ತಿದ್ದಾರೆ, ದೊಡ್ಡಮ್ಮ ತಟ್ಟನೆ ತಲೆ ಎತ್ತಿ, “ಅಲ್ಲ ಕಣೋ, ಅದೇ ಹಾಡು ಮತ್ತೆ ಬಂತಲ್ಲ! ಅವಳೂ ಜೊತೇಲಿ ಹೊರಟ್ಲಾ?” ಅಂದರು.

ಹೊರಟಿದ್ದಳು! ತೆರೆಯ ಮೇಲೆ ಅವಳಿಲ್ಲ, ಮನೆಯಿದೆ, ಮಟ್ಟಿದೆ. ನಾನು ಅಲ್ಲಿಯವರೆಗೆ ಅದನ್ನು ಬರೀ ಹಿನ್ನೆಲೆ ಸಂಗೀತ ಅಂತ ಕೇಳುತ್ತಿದ್ದೆ, ದೊಡ್ಡಮ್ಮ ಒಂದು ಪಾತ್ರ ಅಂತ ಕೇಳಿದರು. ಕಾರ್ಲ್ ಕೊನೆಗೆ ಎಲಿಯ ಸಾಹಸದ ಪುಸ್ತಕ ಬಿಚ್ಚಿ, ಖಾಲಿ ಅಂದುಕೊಂಡಿದ್ದ ಹಾಳೆಗಳಲ್ಲಿ ತಮ್ಮಿಬ್ಬರ ಫೋಟೋಗಳನ್ನು ನೋಡುವಾಗ ಮತ್ತೆ ಅದೇ ಪಿಯಾನೊ ಬರುತ್ತದೆ. ಆಮೇಲೆ ಎಲಿ ಚಿಕ್ಕಂದಿನಲ್ಲಿ ಕೊಟ್ಟಿದ್ದ ಆ ಸೋಡಾ ಮುಚ್ಚಳದ ಬ್ಯಾಡ್ಜನ್ನು, ಪ್ರಯಾಣಕ್ಕೆ ಜೊತೆಯಾದ ಹುಡುಗ ರಸೆಲ್‌ನ ಎದೆಗೆ ಚುಚ್ಚುವಾಗಲೂ ಬರುತ್ತದೆ. ಈಗ ಅದು ಗಂಡ ಹೆಂಡತಿಯ ಮಟ್ಟು ಮಾತ್ರವಲ್ಲ, ಆ ಹುಡುಗನಿಗೂ ಸೇರಿದ್ದು. ಇದನ್ನು ‘ಅಳಿಸುವುದು’ ಅಂತ ಹೇಗೆ ಕರೆಯೋಣ ಹೇಳಿ.

ನನಗೆ ಇದು ಯಾಕೆ ಇಷ್ಟು ಮುಖ್ಯ ಅಂದರೆ, ಈಗ ಮೊಬೈಲ್ ತೆಗೆದರೆ ಯಾವ ವಿಡಿಯೋಗಾದರೂ ಒಂದು ಗೋಳಿನ ಕೊಳಲು. ಅಪಘಾತಕ್ಕೂ ಅದೇ, ನಾಯಿಮರಿಗೂ ಅದೇ. ನಮಗೆ ಆ ಮನುಷ್ಯನ ಪರಿಚಯವೇ ಆಗಿರುವುದಿಲ್ಲ, ಆಗಲೇ ಅಳು ಅಂತ ಅಪ್ಪಣೆ. ಮಕ್ಕಳ ಕಿವಿ ಇದರಲ್ಲೇ ಬೆಳೆಯುತ್ತಿದೆ ಅನ್ನುವುದು ನನ್ನ ಸಂಕಟ.

ಗಡಿಯಾರ ತೋರಿಸುತ್ತಿದ್ದಾರೆ, ಆಯಿತು. ಜಿಯಾಕಿನೊಗೆ 2010ರಲ್ಲಿ ಇದಕ್ಕೇ ಆಸ್ಕರ್ ಬಂತು, ಅದು ನಿಮಗೆ ಗೊತ್ತಿರುವುದೇ. ಜಪಾನಿನ ಸಂಗೀತ ಸಂಯೋಜಕ ಜೋ ಹಿಸೈಶಿ ಬಗ್ಗೆ ಅರ್ಧ ಗಂಟೆ ಮಾತಾಡಬೇಕೆಂದಿದ್ದೆ, ಒಂದೇ ವಿಷಯ ಹೇಳುತ್ತೇನೆ. ಅವರು ಸಂಗೀತ ಕೊಟ್ಟ, ನಿರ್ದೇಶಕ ಮಿಯಾಝಾಕಿಯವರ 1986ರ ಅನಿಮೇಷನ್ ‘ಕ್ಯಾಸಲ್ ಇನ್ ದ ಸ್ಕೈ’ ಎರಡು ಗಂಟೆ ಮೀರಿದ ಚಿತ್ರ, ಅದರಲ್ಲಿ ಸಂಗೀತ ಒಂದು ಗಂಟೆಯಷ್ಟೇ. ಮುಂದೆ ಅಮೆರಿಕದ ಇಂಗ್ಲಿಷ್ ಆವೃತ್ತಿಗೆ ಹೊರಟಾಗ, ಸಂಗೀತವಿಲ್ಲದ ಜಾಗ ಅಲ್ಲಿನವರಿಗೆ ಒಗ್ಗುವುದಿಲ್ಲ ಅಂತಾಯಿತು. ಹಿಸೈಶಿಯವರೇ ಕೂತು ಸಂಗೀತವನ್ನು ಮತ್ತೆ ಬರೆದರು, ಖಾಲಿ ಜಾಗಗಳನ್ನು ತುಂಬಿದರು. ಎರಡೂ ಚೆನ್ನಾಗಿವೆ. ಆದರೆ ನನ್ನ ಓಟು ಮೊದಲನೆಯದಕ್ಕೆ, ಅಲ್ಲಿ ನಮಗೂ ಸ್ವಲ್ಪ ಜಾಗ ಬಿಟ್ಟಿದ್ದಾರೆ.

ಈಗ ಇದೇ ಇಬ್ಬರ 1988ರ ‘ಮೈ ನೇಬರ್ ಟೊಟೊರೊ’ ಚಿತ್ರದ ಬಸ್‌ಸ್ಟಾಪಿನ ದೃಶ್ಯ ಹಾಕಿಸುತ್ತೇನೆ, ಮಳೆ ಬರುತ್ತಿರುತ್ತದಲ್ಲ, ಅದು. ಸಂಗೀತ ಎಷ್ಟು ಹೊತ್ತಿನ ಮೇಲೆ ಶುರುವಾಗುತ್ತದೆ, ಅಲ್ಲಿಯವರೆಗೆ ನಿಮ್ಮ ಕಿವಿಗೆ ಏನೇನು ಬಿತ್ತು ಅಂತ ಬರೆದಿಟ್ಟುಕೊಳ್ಳಿ. ಪ್ರಶ್ನೋತ್ತರ ಅಲ್ಲಿಂದಲೇ ಶುರುಮಾಡೋಣ.