ಸಿಡಿಲು ಬಿಟ್ಟಿದ್ದು ಯಾರು?

ಅಥೆನ್ಸ್‌ನ ರೋಮನ್ ಅಗೋರಾದಲ್ಲಿ, ಅಂದರೆ ಹಳೆಯ ಸಂತೆ ಮೈದಾನದಲ್ಲಿ, ಇರುವ ಈ ಎಂಟು ಮೂಲೆಯ ಅಮೃತಶಿಲೆ ಕಟ್ಟಡಕ್ಕೆ ಗಾಳಿಗಳ ಗೋಪುರ ಅಂತ ಹೆಸರು. ವಯಸ್ಸು ಎರಡು ಸಾವಿರ ವರ್ಷ ದಾಟಿದೆ. ತಲೆ ಎತ್ತಿ ನೋಡಿದರೆ ದಿಕ್ಕಿಗೊಬ್ಬ ಗಾಳಿದೇವರು, ಎಲ್ಲರಿಗೂ ರೆಕ್ಕೆ. ದಕ್ಷಿಣದ ನೋಟೋಸ್ ಕೊಡದಿಂದ ನೀರು ಸುರಿಯುತ್ತಿದ್ದಾನೆ, ಅವನದು ಮಳೆಗಾಳಿ. ಈಶಾನ್ಯದ ಕೈಕಿಯಾಸ್ ಗುರಾಣಿ ತುಂಬ ಆಲಿಕಲ್ಲು ಇಟ್ಟುಕೊಂಡು ಕಾಯುತ್ತಿದ್ದಾನೆ. ನನಗಂತೂ ಇವನೇ ಇಷ್ಟ.

ಆದರೆ ಅಥೆನ್ಸ್ ಜನರಿಗೆ ಪ್ರೀತಿ ಇದ್ದದ್ದು ಶಂಖ ಹಿಡಿದ ಉತ್ತರದ ಬೋರಿಯಸ್ ಮೇಲೆ. ಇವನು ಇಲ್ಲಿನ ರಾಜಕುಮಾರಿ ಒರೈಥಿಯಾಳನ್ನು ಹೊತ್ತುಕೊಂಡು ಹೋದವನಂತೆ. ಹಾಗಾಗಿ ಊರಿನ ಅಳಿಯ! ಕ್ರಿ.ಪೂ. 480ರಲ್ಲಿ ಪರ್ಷಿಯನ್ನರ ಹಡಗುಪಡೆ ದಂಡೆತ್ತಿ ಬಂದಾಗ ಜನ ಈ ಅಳಿಯನಿಗೇ ಮೊರೆಯಿಟ್ಟರು. ಮ್ಯಾಗ್ನೀಸಿಯಾ ಕರಾವಳಿಯಲ್ಲಿ ಬಿರುಗಾಳಿ ಎದ್ದಿತು. ಕಡಿಮೆ ಅಂದರೂ 400 ಹಡಗು ಹೋದವು ಅನ್ನುತ್ತಾನೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್. ಗೆದ್ದ ಮೇಲೆ ಇಲಿಸೋಸ್ ನದಿ ದಂಡೆಯಲ್ಲಿ ಬೋರಿಯಸ್‌ಗೆ ಗುಡಿ ಕಟ್ಟಿಸಿದರು.

ಆ ಕಡೆ ಪರ್ಷಿಯನ್ ಪುರೋಹಿತರೂ ಸುಮ್ನೆ ಕೂರಲಿಲ್ಲ. ಬಲಿ ಕೊಟ್ಟರು, ಮಂತ್ರ ಹೇಳಿದರು. ನಾಲ್ಕನೇ ದಿನ ಗಾಳಿ ನಿಂತಿತು. ಇಲ್ಲಿ ಹೆರೊಡೋಟಸ್ ಮೆಲ್ಲಗೆ ಒಂದು ಮಾತು ಸೇರಿಸುತ್ತಾನೆ: ಅಥವಾ ಗಾಳಿ ತಾನಾಗಿಯೇ ನಿಂತಿರಬಹುದು. ಈ ಕೊಂಕು ನೋಡಿ! ದೇವರಿಗೆ ಗುಡಿ ಕಟ್ಟಿದ ಜನರ ನಡುವೆಯೇ ಹೀಗೆ ಅನುಮಾನಪಡುವವರೂ ಇದ್ದರು.

ಕ್ರಿ.ಪೂ. 423ರಲ್ಲಿ ನಾಟಕಕಾರ ಅರಿಸ್ಟೋಫನೀಸ್ ಈ ಅನುಮಾನವನ್ನು ರಂಗದ ಮೇಲೇ ತಂದ. ಅವನ 'ಮೋಡಗಳು' ನಾಟಕದಲ್ಲಿ ಸಾಕ್ರಟೀಸ್ ಕೇಳುತ್ತಾನೆ: ಮಳೆ ತರುವವನು ದೇವರ ರಾಜ ಜೀಯಸ್ ಆದರೆ ಮೋಡವಿಲ್ಲದೆ ಒಮ್ಮೆ ಸುರಿಸಲಿ ನೋಡೋಣ. ಸುಳ್ಳು ಆಣೆ ಇಟ್ಟವರ ಮೇಲೆ ಜೀಯಸ್ ಸಿಡಿಲು ಬಿಡುತ್ತಾನೆ ಅಂತೀರಿ, ಮತ್ತೆ ತನ್ನ ಗುಡಿಗೇ ಯಾಕೆ ಹೊಡೆಯುತ್ತಾನೆ? ಓಕ್ ಮರಗಳಿಗೆ ಯಾಕೆ? ಮರ ಯಾವತ್ತಾದರೂ ಸುಳ್ಳು ಆಣೆ ಇಟ್ಟಿದ್ದುಂಟಾ? ತಮಾಷೆ ಏನಂದ್ರೆ, ನಾಟಕ ಬರೆದವನು ಗೇಲಿ ಮಾಡಲು ಹೊರಟಿದ್ದು ಸಾಕ್ರಟೀಸನನ್ನು. ಪ್ರಶ್ನೆ ಮಾತ್ರ ಗಟ್ಟಿಯಾಗಿಯೇ ಉಳಿದುಬಿಟ್ಟಿತು.

ಮುಂದೆ ಬಂದ ಅರಿಸ್ಟಾಟಲ್ ದೇವರನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕಿದ. ನೆಲದಿಂದ ಏಳುವ ಒಣ ಆವಿ ಮೋಡದೊಳಗೆ ಸಿಕ್ಕಿಕೊಳ್ಳುತ್ತದೆ. ಮೋಡ ತಣ್ಣಗಾಗಿ ಬಿಗಿಯುವಾಗ ಅದು ಹೊರಕ್ಕೆ ಚಿಮ್ಮಿ ಬೇರೆ ಮೋಡಕ್ಕೆ ಬಡಿಯುತ್ತದೆ, ಅದೇ ಗುಡುಗು. ಆಮೇಲೆ ಹೊತ್ತಿಕೊಂಡರೆ ಮಿಂಚು. ಹಾಗಾದರೆ ಮಿಂಚೇ ಯಾಕೆ ಮೊದಲು ಕಾಣುತ್ತದೆ? ಅದಕ್ಕೂ ಉತ್ತರ ಇತ್ತು. ದೂರದ ದೋಣಿ ನೋಡಿ ಅಂದ. ಹುಟ್ಟು ನೀರಿಗೆ ಬಿದ್ದ ಸದ್ದು ನಮ್ಮ ಕಿವಿಗೆ ಮುಟ್ಟುವಷ್ಟರಲ್ಲಿ ದೋಣಿಯವರು ಹುಟ್ಟನ್ನು ಮತ್ತೆ ಹಿಂದಕ್ಕೆ ಎಳೆಯುತ್ತಿರುತ್ತಾರೆ. ಗುಡುಗು ಮೊದಲು ಹುಟ್ಟುತ್ತದೆ ಅನ್ನುವುದು ತಪ್ಪು, ಸದ್ದು ತಡವಾಗಿ ಬರುತ್ತದೆ ಅನ್ನುವುದು ಪಕ್ಕಾ ಸರಿ.