ಮಾಯಾಲೋಕದ ಜೋಳಿಗೆಗೆ ಮಲೆನಾಡಿನ ಸಾಮಾನು

[ದೃಶ್ಯ: ಫೋನಿನಲ್ಲಿ ಆಟ. ಹೀರೋ ಪೊದೆ ಮುಟ್ಟುತ್ತಾನೆ, ಜೋಳಿಗೆಗೆ ಏನೋ ಬೀಳುತ್ತದೆ.]

ಡ್ರ್ಯಾಗನ್ ಚಿಪ್ಪು ಮೂರು. ಚಂದ್ರನ ಕಲ್ಲು ಎರಡು. ಹೊಳೆಯುವ ಅಣಬೆ ಹದಿನಾಲ್ಕು. ಎಲ್ಲ ಸೇರಿಸಿ ಒತ್ತಿದರೆ ಕತ್ತಿ ರೆಡಿ. ಫ್ಯಾಂಟಸಿ ಆಟ ಆಡುವವರಿಗೆ ಇದು ಗೊತ್ತೇ ಇರುತ್ತದೆ, ಅಲ್ವಾ?

ನನಗೆ ಇಲ್ಲೇ ಬೇಜಾರು. ಹೆಸರು ಬಣ್ಣಬಣ್ಣದ್ದು, ಆದರೆ ಸಾಮಾನಿಗೆ ಒಂದು ಕಾಲ ಇಲ್ಲ, ಕಷ್ಟ ಇಲ್ಲ, ಕೈಗೆ ಅಂಟುವ ಕಲೆಯೂ ಇಲ್ಲ. ಶಿವಮೊಗ್ಗದಲ್ಲಿ ನಾವು ಕೆಲವರು ದಾಳ ಉರುಳಿಸಿ ಆಡುವ ಒಂದು ಕಥೆಯಾಟ ಕಟ್ಟುತ್ತಿದ್ದೇವೆ. ಅದಕ್ಕೆ ಸಾಮಾನು ಹುಡುಕುವಾಗ ಒಂದೇ ನಿಯಮ ಇಟ್ಟುಕೊಂಡೆವು. ಮೊದಲು ಸುತ್ತಮುತ್ತ ನಿಜವಾಗಿ ಇರುವ ವಸ್ತು ಹುಡುಕಬೇಕು. ಅದರ ಗುಣ ಏನು ಅಂತ ತಿಳಿಯಬೇಕು. ಮಾಯೆ ಸೇರಿಸುವುದು ಆಮೇಲೆ.

[ದೃಶ್ಯ: ಅಡಿಕೆ ಬೇಯಿಸುವ ಹಂಡೆ, ಕುದಿಯುತ್ತಿರುವ ಕೆಂಪು ನೀರು.]

ಮೊದಲನೆಯದು ಚೊಗರು. ತೋಟದ ಮನೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಕೆಂಪಡಿಕೆ ಮಾಡಲು ಹಸಿ ಅಡಿಕೆ ಕೊಯ್ದು, ಸುಲಿದು, ಹಂಡೆಯಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಉಳಿಯುವ ಗಾಢ ಕೆಂಪು ನೀರೇ ಚೊಗರು. ಅದನ್ನು ಚೆಲ್ಲುವುದಿಲ್ಲ. ಮುಂದಿನ ಸಲ ಬೇಯಿಸುವಾಗ ಹಳೇ ಚೊಗರು ಹಾಕಿದರೆ ಅಡಿಕೆಗೆ ಒಳ್ಳೆ ಬಣ್ಣ ಬರುತ್ತದೆ. ಬಟ್ಟೆಗೂ ಇದು ಬಣ್ಣವೇ. ಸಾಗರದ ಹತ್ತಿರ ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಗಳಲ್ಲಿ ನೀವು ಈ ಅಡಿಕೆ ಬಣ್ಣ ನೋಡಿರಬಹುದು.

ಇದರೊಳಗೆ ಇರುವುದು ಟ್ಯಾನಿನ್. ಬಾಯಿ ಒಗರಾಗುತ್ತದಲ್ಲ, ಅದಕ್ಕೂ ಅದೇ ಕಾರಣ. ಟ್ಯಾನಿನ್‌ಗೆ ಇನ್ನೊಂದು ಗುಣ ಇದೆ. ಒದ್ದೆಯಲ್ಲಿ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಮೆಟ್ಟುಕತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುವವರ ಬೆರಳು ನೋಡಿ. ಸೋಪು ಹಾಕಿ ಎಷ್ಟು ತಿಕ್ಕಿದರೂ ಆ ಕಪ್ಪು ಬೇಗ ಹೋಗುವುದಿಲ್ಲ. ಹಿಂದೆ ಯುರೋಪಿನಲ್ಲಿ ಬರೆಯುತ್ತಿದ್ದ ಶಾಯಿಯೂ ಇದೇ ಲೆಕ್ಕ: ಮರದ ಟ್ಯಾನಿನ್, ಜೊತೆಗೆ ಕಬ್ಬಿಣದ ಉಪ್ಪು.

ಈಗ ಮಾಯೆ. ನಮ್ಮ ಲೋಕದಲ್ಲಿ ದೇವಸ್ಥಾನದ ಕಾವಲುಗಾರರು ಚೊಗರಿನಲ್ಲಿ ಅದ್ದಿದ ಶಲ್ಯ ಹೊದೆಯುತ್ತಾರೆ. ಬಣ್ಣ ಕೆಂಪು. ಮಳೆಗಾಲದಲ್ಲಿ ಯಾರಾದರೂ ಕತ್ತಿ ಬಚ್ಚಿಟ್ಟುಕೊಂಡು ಪಕ್ಕದಲ್ಲಿ ಹಾದುಹೋದರೆ, ಮುಟ್ಟದಿದ್ದರೂ ಶಲ್ಯದ ಆ ಬದಿ ಕಪ್ಪಾಗುತ್ತದೆ. ನಿಜವಾದ ರಸಾಯನಶಾಸ್ತ್ರವನ್ನು ಒಂದು ಗೇಣು ಎಳೆದಿದ್ದೇವೆ, ಅಷ್ಟೇ. ಆದರೆ ಅದರಿಂದ ಎಷ್ಟು ಕಥೆ ಹುಟ್ಟುತ್ತದೆ ನೋಡಿ! ಕಳ್ಳ ಬೇಸಿಗೆಗೆ ಕಾಯುತ್ತಾನೆ. ಇಲ್ಲದಿದ್ದರೆ ಕಂಚಿನ ಚೂರಿ ಮಾಡಿಸಿಕೊಳ್ಳುತ್ತಾನೆ.

[ದೃಶ್ಯ: ರಾತ್ರಿ ಕಾಡು, ಕೊಳೆತ ಮರದ ಮೇಲೆ ಹಸಿರು ಬೆಳಕು.]

ಹೊಳೆಯುವ ಅಣಬೆ ಬೇಗ ಮುಗಿಸುತ್ತೇನೆ, ಎಲ್ಲ ಆಟದಲ್ಲೂ ಅದು ಇದ್ದೇ ಇರುತ್ತದೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಇವು ನಿಜವಾಗಿ ಕಾಣುತ್ತವೆ. ಲೂಸಿಫೆರಿನ್ ಅನ್ನುವ ವಸ್ತು ಆಮ್ಲಜನಕದ ಜೊತೆ ಸೇರಿ ತಣ್ಣನೆಯ ಹಸಿರು ಬೆಳಕು ಕೊಡುತ್ತದೆ. ಫೋಟೋದಲ್ಲಿ ಕಂಡಷ್ಟು ಪ್ರಖರ ಅಲ್ಲ, ಅದು ಕ್ಯಾಮೆರಾ ಜಾಸ್ತಿ ಹೊತ್ತು ತೆರೆದಿಟ್ಟ ಮಹಿಮೆ. ಹಾಗಾಗಿ ನಮ್ಮ ಆಟದಲ್ಲಿ ಇದನ್ನು ಟಾರ್ಚ್ ಮಾಡಿಕೊಳ್ಳುವ ಹಾಗಿಲ್ಲ. ದಾರಿಗೆ ಗುರುತು ಇಡಬಹುದು. ದೀಪ ಹಿಡಿದವನಿಗೆ ಆ ಗುರುತು ಕಾಣಿಸುವುದೇ ಇಲ್ಲ.

[ದೃಶ್ಯ: ಬಿದಿರು ಮೆಳೆ.]

ಬಿದಿರಿನೊಳಗೆ ಕಲ್ಲು ಇರುತ್ತದೆ ಅಂದರೆ ನಂಬುತ್ತೀರಾ? ಕೆಲವು ಬಿದಿರಿನ ಗೆಣ್ಣುಗಳ ನಡುವಿನ ಟೊಳ್ಳಿನಲ್ಲಿ ಬಿಳಿ ಹರಳಿನಂಥದ್ದು ಸಿಗುತ್ತದೆ. ವಂಶಲೋಚನ ಅನ್ನುತ್ತಾರೆ, ಆಯುರ್ವೇದದಲ್ಲಿ ಬಳಸುತ್ತಾರೆ. ಅದು ಬಹುಪಾಲು ಸಿಲಿಕಾ. ಮರಳಿನಲ್ಲಿ ಇರುವುದೂ ಅದೇ. ಗಿಡ ಬೇರಿನಿಂದ ಹೀರಿದ್ದು ಒಳಗೆ ಗಟ್ಟಿಯಾಗಿ ಕೂತಿದೆ. ಇದಕ್ಕೆ ಮಾಯೆಯ ಅಗತ್ಯವೇ ಇಲ್ಲ ಅನಿಸಿತು ನನಗೆ.

ಆದರೂ ಕಾಲ ಒಂದು ಸೇರಿಸಿದೆವು. ಹೆಬ್ಬಿದಿರು ಹತ್ತಾರು ವರ್ಷಕ್ಕೆ ಒಮ್ಮೆ ಹೂ ಬಿಡುತ್ತದೆ, ಬಿದಿರಕ್ಕಿ ಉದುರಿಸುತ್ತದೆ, ಆಮೇಲೆ ಇಡೀ ಮೆಳೆಯೇ ಒಣಗಿ ಸಾಯುತ್ತದೆ. ಅಕ್ಕಿ ತಿಂದು ಇಲಿಗಳೂ ಹೆಚ್ಚುತ್ತವೆ. ನಮ್ಮ ಲೋಕದಲ್ಲಿ ಮಂತ್ರದ ಹರಳು ಸಿಗುವುದು ಹೂ ಬಿಟ್ಟ ವರ್ಷ ಮಾತ್ರ. ಅದೇ ವರ್ಷ ಇಲಿಗಳ ದಂಡೂ ಬರುತ್ತದೆ. ಹರಳು ಹುಡುಕಲು ಕಾಡಿಗೆ ಹೋಗುತ್ತೀರೋ, ಕಣಜ ಕಾಯಲು ಊರಲ್ಲೇ ಇರುತ್ತೀರೋ? ಆಡುವವರೇ ತೀರ್ಮಾನ ಮಾಡಬೇಕು.

[ದೃಶ್ಯ: ಕುಲುಮೆ, ಇದ್ದಿಲು.]

ಇನ್ನು ಕತ್ತಿ. ಕತ್ತಿಗೆ ಅದಿರು ಸಾಕು ಅಂದುಕೊಳ್ಳುತ್ತಾರೆ. ಸಾಲದು, ಕಾಡೂ ಬೇಕು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕುಲುಮೆಗೆ ಹಾಕುತ್ತಿದ್ದದ್ದು ಕಲ್ಲಿದ್ದಲಲ್ಲ, ಮಲೆನಾಡಿನ ಮರದ ಇದ್ದಿಲು. ಇದ್ದಿಲು ಬಿಸಿ ಕೊಡುವುದಷ್ಟೇ ಅಲ್ಲ, ಅದಿರಿನಲ್ಲಿ ಅಂಟಿಕೊಂಡಿರುವ ಆಮ್ಲಜನಕವನ್ನೂ ಕಿತ್ತುಕೊಳ್ಳುತ್ತದೆ. ಅದಾದ ಮೇಲೇ ಕಬ್ಬಿಣ. ಅದಕ್ಕೇ ನಮ್ಮ ಆಟದಲ್ಲಿ ಯಾರು ಕತ್ತಿ ಮಾಡಿಸಿದರೂ ನಕ್ಷೆಯ ಮೇಲೆ ಒಂದು ತುಂಡು ಕಾಡನ್ನು ರಬ್ಬರಿನಿಂದ ಅಳಿಸಬೇಕು. ಮೊದಮೊದಲು ಎಲ್ಲರೂ ಖುಷಿಯಾಗಿ ಅಳಿಸುತ್ತಾರೆ. ಹೊಳೆಯುವ ಅಣಬೆ ಇರುವ ಜಾಗದ ಸರದಿ ಬಂದಾಗ ಜಗಳ ಶುರು.

[ದೃಶ್ಯ: ಗಂಧದ ಕೆತ್ತನೆ, ಉಳಿಯ ಹತ್ತಿರದ ನೋಟ.]

ಮಾಂತ್ರಿಕನ ಕೋಲಿಗೆ ಶ್ರೀಗಂಧ. ಇದು ನನ್ನ ಮೆಚ್ಚಿನದು. ಶ್ರೀಗಂಧ ಅರ್ಧ ಪರಾವಲಂಬಿ ಮರ. ಎಲೆ ಹಸಿರಾಗಿಯೇ ಇರುತ್ತದೆ, ಆಹಾರ ತಾನೇ ಮಾಡಿಕೊಳ್ಳುತ್ತದೆ. ಆದರೆ ಮಣ್ಣಿನ ಕೆಳಗೆ ಅದರ ಬೇರು ಪಕ್ಕದ ಗಿಡಗಳ ಬೇರಿಗೆ ಕಚ್ಚಿಕೊಂಡು ನೀರು, ಸತ್ವ ಹೀರುತ್ತದೆ. ವಾಸನೆ ಇರುವುದು ಒಳಗಿನ ಚೇಗಿನಲ್ಲಿ, ಬೇರಿನಲ್ಲಿ. ಹೊರಗಿನ ಬಿಳಿ ಕಟ್ಟಿಗೆಗೆ ಘಮವಿಲ್ಲ. ಚೇಗು ಕಟ್ಟಲು ವರ್ಷಗಟ್ಟಲೆ ಬೇಕು. 1792ರಲ್ಲಿ ಟಿಪ್ಪು ಇದನ್ನು ರಾಜವೃಕ್ಷ ಅಂತ ಘೋಷಿಸಿದ್ದೂ ಈ ಬೆಲೆಯ ಕಾರಣಕ್ಕೇ. ಸಾಗರ, ಸೊರಬದ ಗುಡಿಗಾರರು ಇದರಲ್ಲಿ ಮಾಡುವ ಕೆತ್ತನೆ ನೋಡಿದರೆ ಮಾಂತ್ರಿಕರ ಅಂಗಡಿ ಬೇರೆ ಯಾಕೆ ಅನಿಸುತ್ತದೆ.

ನಮ್ಮ ನಿಯಮ ಹೀಗಿದೆ. ಗಂಧದ ಕೋಲಿಗೆ ಸ್ವಂತ ಶಕ್ತಿ ಇಲ್ಲ, ಅದು ಯಾವ ಗಿಡದ ಬೇರು ಕಚ್ಚಿಕೊಂಡು ಬೆಳೆಯಿತೋ ಆ ಗಿಡದ ಗುಣ ಬರುತ್ತದೆ. ಹಾಗಾಗಿ ಕೋಲು ಕೊಳ್ಳುವವನು ಮರ ನೋಡುವುದಿಲ್ಲ, ಮರದ ಪಕ್ಕ ಏನಿತ್ತು ಅಂತ ಕೇಳುತ್ತಾನೆ. ಮಾರುವವನು ಸುಳ್ಳು ಹೇಳುತ್ತಾನೆ. ಹೇಳಲೇಬೇಕಲ್ಲ!

ಡ್ರ್ಯಾಗನ್ ಚಿಪ್ಪಿನ ಬಗ್ಗೆ ಒಂದು ಮಾತು. ನಮ್ಮ ಕಾಡಿನಲ್ಲಿ ಚಿಪ್ಪು ಹೊತ್ತು ಓಡಾಡುವುದು ಚಿಪ್ಪುಹಂದಿ. ಆ ಚಿಪ್ಪು ಕೆರಾಟಿನ್, ಅಂದರೆ ನಮ್ಮ ಉಗುರಿನಲ್ಲಿ ಇರುವುದೇ. ಅದರಲ್ಲಿ ಔಷಧಿ ಗುಣ ಇದೆ ಅಂತ ನಂಬಿ ಸುಮ್ನೆ ಕೊಲ್ಲುತ್ತಾರೆ. ಆಟದಲ್ಲೂ ಆ ಆಸೆ ತೋರಿಸುವುದು ಬೇಡ ಅಂತ ಆ ಸಾಮಾನು ಕೈಬಿಟ್ಟೆವು.

[ದೃಶ್ಯ: ಶಿವಮೊಗ್ಗ ಮಂಡಿ, ಅಡಿಕೆ ಚೀಲಗಳು.]

ಸಾಮಾನಿಗೆ ದರ್ಜೆ ಬೇಕಲ್ಲ? ಬೇರೆ ಆಟಗಳಲ್ಲಿ ಕಾಮನ್, ರೇರ್, ಲೆಜೆಂಡರಿ ಅಂತ ಇರುತ್ತದೆ. ನಾವು ಅಡಿಕೆ ಮಂಡಿಯ ದರ್ಜೆಗಳನ್ನೇ ತಂದುಬಿಟ್ಟೆವು. ಕೆಳಗೆ ಗೊರಬಲು, ಮಧ್ಯದಲ್ಲಿ ರಾಶಿ, ಬೆಟ್ಟೆ, ಎಲ್ಲಕ್ಕಿಂತ ಮೇಲೆ ಸರಕು. ಅಣಬೆ ಗೊರಬಲು, ಚೊಗರು ರಾಶಿ, ಗಂಧದ ಕೋಲು ಸರಕು. ವಂಶಲೋಚನ ಬೆಟ್ಟೆಯೋ ಸರಕೋ ಅಂತ ನಮ್ಮ ತಂಡದಲ್ಲಿ ಇನ್ನೂ ಗಲಾಟೆ ನಡೆಯುತ್ತಿದೆ. ಮುಂದಿನ ವಿಡಿಯೋದಲ್ಲಿ ಇಂಬಳ, ಅಂದರೆ ಕಾಡಿನ ಜಿಗಣೆ. ಉಪ್ಪು, ಸುಣ್ಣ ರೆಡಿ ಇಟ್ಟುಕೊಂಡು ಬನ್ನಿ.